ಇವತ್ತು ಹಾಲು ಅಳೆಯೋರು ಯಾರು?

ಬೆಳಗ್ಗೆ ಆರು ಗಂಟೆ. ಡೇರಿ ಮುಂದೆ ಜನ ಸಾಲಾಗಿ ನಿಂತಿದ್ದಾರೆ. ಕೈಯಲ್ಲಿ ಹಾಲಿನ ಕ್ಯಾನು, ಪಾಸ್ ಪುಸ್ತಕ. ಬಾಗಿಲಿಗೆ ಬೀಗ.

"ಯಾಕಕ್ಕಾ, ಇನ್ನೂ ತೆಗ್ದಿಲ್ಲ?"

"ಕಾರ್ಯದರ್ಶಿಗೆ ರಾತ್ರಿಯಿಂದ ಜ್ವರವಂತೆ. ಆಸ್ಪತ್ರೆಗೆ ಕರ್ಕೊಂಡು ಹೋಗವ್ರೆ. ಬೀಗದ ಕೈ ಅವರ ಜೇಬಲ್ಲೇ ಐತೆ."

"ಹಂಗಾದ್ರೆ ಹಾಲು?"

ಇದು ಯಾವ ಊರಲ್ಲಾದರೂ ಆಗಬಹುದು. ಜ್ವರ ಹೇಳಿ ಕೇಳಿ ಬರುವುದಿಲ್ಲ. ಸಾವು, ಹೆರಿಗೆ, ಕೆಟ್ಟುಹೋದ ಬಸ್ಸು, ಇವೂ ಹಾಗೆಯೇ. ಹಸುವಿಗೆ ಮಾತ್ರ ರಜೆ ಇಲ್ಲ. ದಿನಕ್ಕೆ ಎರಡು ಹೊತ್ತು ಹಾಲು ಕರೆಯಲೇಬೇಕು. ವರ್ಷಕ್ಕೆ 730 ಸಲ ಡೇರಿ ಬಾಗಿಲು ತೆಗೆಯಬೇಕು.

ಸಣ್ಣ ಊರಿನ ಡೇರಿಯಲ್ಲಿ ಕೆಲಸಕ್ಕೆ ಇರುವವರೇ ಇಬ್ಬರೋ ಮೂವರೋ. ಕಾರ್ಯದರ್ಶಿ, ಹಾಲು ಪರೀಕ್ಷೆ ಮಾಡುವವರು, ಒಬ್ಬ ಸಹಾಯಕರು. ಅವರಲ್ಲಿ ಒಬ್ಬರು ಬಾರದಿದ್ದರೂ ಕೆಲಸ ನಿಲ್ಲುತ್ತದೆ. ಹಾಲು ಕಾಯುವುದಿಲ್ಲ. ಕರೆದ ಹಾಲು ಬೆಚ್ಚಗಿರುತ್ತದೆ. ಬೆಚ್ಚಗಿನ ಹಾಲಿನಲ್ಲಿ ಸೂಕ್ಷ್ಮಜೀವಿಗಳು ಬೇಗ ಬೇಗ ಹೆಚ್ಚುತ್ತವೆ. ಹಾಲನ್ನು 4 ಡಿಗ್ರಿಯವರೆಗೆ ತಣ್ಣಗೆ ಮಾಡಿದರೆ ಅವು ಬೆಳೆಯುವುದು ಬಹಳ ನಿಧಾನವಾಗುತ್ತದೆ. ತಡವಾದರೆ ಹಾಲು ಹುಳಿಯಾಗುತ್ತದೆ, ಕಾಯಿಸಿದರೆ ಒಡೆಯುತ್ತದೆ. ಲಾರಿ ಹೊರಟುಹೋದರೆ ಆ ಹೊತ್ತಿನ ದುಡ್ಡೂ ಹೋಯಿತು. ಹಿಂಡಿ, ಬೂಸಾ ಸಾಲ ಮಾಡಿ ತಂದವರಿಗೆ ಇದು ಸಣ್ಣ ನಷ್ಟವಲ್ಲ.

ಹಾಗಾದರೆ ಏನು ಮಾಡಬೇಕು? ಮೊದಲು ಬೀಗದ ಕೈ. ಎರಡನೆಯ ಕೈ ಒಂದು ಅಧ್ಯಕ್ಷರ ಮನೆಯಲ್ಲಿ ಇರಲಿ. ಇಷ್ಟಕ್ಕೆ ಖರ್ಚೇನೂ ಇಲ್ಲ.

ಆಮೇಲೆ ಕೆಲಸ ಕಲಿಯುವುದು. ಅಳತೆ ಮಾಡುವವರಿಗೆ ಬರೆಯುವುದು ಗೊತ್ತಿರಲಿ. ಬರೆಯುವವರಿಗೆ ಪರೀಕ್ಷೆ ಗೊತ್ತಿರಲಿ. ಸದಸ್ಯರಲ್ಲೂ ಇಬ್ಬರು ಕಲಿತಿರಲಿ, ಅದರಲ್ಲಿ ಒಬ್ಬರು ಹೆಂಗಸರಾದರೆ ಒಳ್ಳೆಯದು. ಡೇರಿಗೆ ಹಾಲು ತರುವವರಲ್ಲಿ ಹೆಂಗಸರು ಎಷ್ಟು ಮಂದಿ, ನೀವೇ ನೋಡಿದ್ದೀರಿ. ಬಾಯಲ್ಲಿ ಹೇಳಿದರೆ ಕೆಲಸ ಬರುವುದಿಲ್ಲ. ವಾರಕ್ಕೊಂದು ಹೊತ್ತು ಅವರ ಕೈಯಲ್ಲೇ ಮಾಡಿಸಬೇಕು. ಕಾರ್ಯದರ್ಶಿ ಪಕ್ಕದಲ್ಲಿ ನಿಂತು ನೋಡಬೇಕು.

ಹಾಲಿನ ಮಾದರಿ ತೆಗೆಯುವುದನ್ನೇ ನೋಡಿ. ಸುಲಭ ಅನ್ನಿಸುತ್ತದೆ. ಆದರೆ ಹಾಲನ್ನು ಚೆನ್ನಾಗಿ ಕಲಕದೆ ಮೇಲಿನದನ್ನು ತೆಗೆದರೆ ಕೆನೆ ಬರುತ್ತದೆ, ಫ್ಯಾಟ್ ಹೆಚ್ಚು ತೋರಿಸುತ್ತದೆ. ತಳದ ಹಾಲು ತೆಗೆದರೆ ಕಡಿಮೆ ತೋರಿಸುತ್ತದೆ. ಫ್ಯಾಟ್ ನೋಡಿಯೇ ದರ ಕಟ್ಟುವುದು. ಒಬ್ಬರಿಗೆ ಲಾಭ, ಇನ್ನೊಬ್ಬರಿಗೆ ಮೋಸ. ಜಗಳ ಶುರುವಾಗುವುದೇ ಇಲ್ಲಿ.

ಈಗ ಹಲವು ಡೇರಿಗಳಲ್ಲಿ ಮಿಷನ್ನು ಬಂದಿದೆ. ಅದನ್ನು ಪ್ರತಿ ಹೊತ್ತೂ ತೊಳೆಯಬೇಕು ಅನ್ನುವುದು ಬದಲಿ ಬಂದವರಿಗೂ ತಿಳಿದಿರಬೇಕು. ಹಳೆಯ ಕ್ರಮದ ಪರೀಕ್ಷೆಯಲ್ಲಿ ಗಂಧಕಾಮ್ಲ ಬಳಸುತ್ತಾರೆ. ಅದು ಚರ್ಮ ಸುಡುತ್ತದೆ, ಕಣ್ಣಿಗೆ ಬಿದ್ದರೆ ಕಣ್ಣೇ ಹೋಗಬಹುದು. ಈ ಕೆಲಸ ಮಾತ್ರ ಕಲಿಯದವರ ಕೈಗೆ ಬೇಡ. ಪಕ್ಕದ ಊರಿನ ಡೇರಿಯವರ ಜೊತೆ ಮೊದಲೇ ಮಾತಾಡಿಕೊಂಡಿರಿ. ನಮ್ಮವರು ಬಾರದ ದಿನ ನಿಮ್ಮವರು ಬರಲಿ, ನಿಮ್ಮವರು ಬಾರದ ದಿನ ನಮ್ಮವರು ಬರುತ್ತಾರೆ ಎಂದು.

ಒಬ್ಬರ ತಲೆಯಲ್ಲಿ ಇರುವುದು ಗೋಡೆಯ ಮೇಲೂ ಇರಲಿ. ಒಂದು ದಪ್ಪ ಹಾಳೆಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆಯಿರಿ. ಬಾಗಿಲು ತೆಗೆಯುವ ಹೊತ್ತು, ಲಾರಿ ಬರುವ ಹೊತ್ತು, ಡ್ರೈವರ್ ಫೋನು, ಒಕ್ಕೂಟದ ಫೋನು, ಮೊದಲು ಯಾವ ಕೆಲಸ, ಆಮೇಲೆ ಯಾವುದು. ನೀವೀಗ ಓದು ಕಲಿತಿದ್ದೀರಿ. ಆ ಹಾಳೆ ನಿಮಗೂ ಬೇಕಾದದ್ದೇ.

ಕೆಲವು ಕಾರ್ಯದರ್ಶಿಗಳಿಗೆ ಒಳಗೊಳಗೆ ಭಯ ಇರುತ್ತದೆ. "ಎಲ್ಲಾರ್ಗೂ ಕಲಿಸ್ಬಿಟ್ರೆ ನನ್ನ ಯಾರ್ ಕೇಳ್ತಾರೆ?" ಈ ಭಯ ಸುಳ್ಳೇನೂ ಅಲ್ಲ. ಅದಕ್ಕೇ ಸಭೆಯಲ್ಲಿ ಸ್ಪಷ್ಟವಾಗಿ ಮಾತಾಡಬೇಕು. ಬದಲಿ ಎಂದರೆ ಆ ಹೊತ್ತಿಗೆ ಮಾತ್ರ ಬದಲಿ. ವಾಸಿಯಾಗಿ ಬಂದವರಿಗೆ ಅವರ ಜಾಗ ಅವರಿಗೇ ಎಂದು ನಡಾವಳಿ ಪುಸ್ತಕದಲ್ಲಿ ಬರೆದರೆ, ಅವರೂ ಮನಸ್ಸು ಬಿಚ್ಚಿ ಕಲಿಸುತ್ತಾರೆ. ಜ್ವರ ಇಟ್ಟುಕೊಂಡು ಕೆಲಸಕ್ಕೆ ಬರುವ ಕಷ್ಟವೂ ಅವರಿಗೆ ತಪ್ಪುತ್ತದೆ.

ಬದಲಿ ಕೆಲಸ ಮಾಡಿದವರು ಪುಸ್ತಕದಲ್ಲಿ ತಮ್ಮ ಹೆಸರು ಬರೆದು ರುಜು ಹಾಕಲಿ. ಯಾರು ಅಳೆದರು, ಯಾವ ದಿನ, ಯಾವ ಹೊತ್ತು ಎಂಬುದು ಆಮೇಲೂ ತಿಳಿಯಬೇಕು. ದುಡ್ಡಿನ ಪೆಟ್ಟಿಗೆ ಅವರಿಗೆ ಕೊಡಬೇಡಿ, ಅದು ಅವರಿಗೂ ಕ್ಷೇಮ. ಆ ಹೊತ್ತಿನ ಕೂಲಿ ಎಷ್ಟು ಅಂತ ಮೊದಲೇ ಗೊತ್ತು ಮಾಡಿ. ಪುಕ್ಕಟೆ ದುಡಿಸಿದರೆ ಎರಡನೇ ಸಲ ಕರೆದಾಗ ಯಾರೂ ಬರುವುದಿಲ್ಲ.