ಗೇರು ಕೈಯಲ್ಲಿರಲೋ, ಬೆರಳಲ್ಲಿರಲೋ?

ಕಳೆದ ದೀಪಾವಳಿಗೆ ನಮ್ಮ ಮನೆಯಲ್ಲಿ ಒಂದು ಸಣ್ಣ ಕುರುಕ್ಷೇತ್ರವೇ ನಡೆಯಿತು. ಮಗಳು ತನ್ನ ಸಂಬಳದ ಹಣದಲ್ಲಿ ಮೊದಲ ಕಾರು ಕೊಳ್ಳಲು ಹೊರಟಿದ್ದಳು. ಸ್ಟಿಯರಿಂಗ್ ಹಿಂದೆ ಪ್ಯಾಡಲ್ ಇರುವ ಆಟೊಮ್ಯಾಟಿಕ್ಕೇ ಬೇಕೆಂದು ಅವಳ ಹಟ. "ಕ್ಲಚ್ ತುಳಿಯದವರು ಡ್ರೈವರೇ ಅಲ್ಲ" ಎಂದು ನಮ್ಮವರ ವಾದ. ತೀರ್ಪು ಹೇಳಬೇಕಾದವಳು ನಾನು!

ಬಿ.ಎ.ಯಲ್ಲಿ ಶೇಕ್ಸ್‌ಪಿಯರ್ ಓದಿದವಳಿಗೆ ಗೇರ್‌ಬಾಕ್ಸಿನ ಗೊಡವೆ ಏಕೆಂದು ನೀವು ನಗಬಹುದು. ಆದರೆ ಮಕ್ಕಳೇ, ನಾನೂ ಹದಿನೈದು ವರ್ಷ ಕಾರು ಓಡಿಸಿದವಳು. ಎಡ ಮೊಣಕಾಲು ಮುಷ್ಕರ ಹೂಡಿದ ಮೇಲೆ, ನಾಲ್ಕು ವರ್ಷಗಳ ಹಿಂದೆ ಕೀಲಿಕೈಯನ್ನು ಮೊಳೆಗೆ ತೂಗುಹಾಕಿದ್ದೆ. ಡೊಂಬಿವಿಲಿಯಿಂದ ಠಾಣೆ ಮುಟ್ಟುವಷ್ಟರಲ್ಲಿ ಎಷ್ಟು ಸಲ ಕ್ಲಚ್ ತುಳಿಯಬೇಕೆಂದು ಆ ದಾರಿ ಬಲ್ಲವರಿಗೆ ಹೇಳಬೇಕಾಗಿಲ್ಲ.

ಈ ಪ್ಯಾಡಲ್ ಹುಟ್ಟಿದ್ದು ರೇಸಿನ ಮೈದಾನದಲ್ಲಿ. ಜಾನ್ ಬರ್ನಾರ್ಡ್ ರೂಪಿಸಿದ ಫೆರಾರಿ ಕಾರಿನಲ್ಲಿ ನೈಜೆಲ್ ಮ್ಯಾನ್ಸೆಲ್ 1989ರ ಬ್ರೆಜಿಲ್ ಗ್ರ್ಯಾನ್ ಪ್ರಿ ಗೆದ್ದಾಗ ಜಗತ್ತು ಬೆರಗಾಯಿತು. ಸ್ಟಿಯರಿಂಗಿನಿಂದ ಕೈ ತೆಗೆಯದೆ ಗೇರು ಬದಲಿಸಬಹುದಲ್ಲ! 1997ರಲ್ಲಿ ಅದು ಫೆರಾರಿಯ ರಸ್ತೆ ಕಾರಿಗೂ ಬಂತು. ನಮ್ಮ ದೇಶದಲ್ಲಿ 2022ರ ಮಾರುತಿ ಬ್ರೆಝಾದಂಥ ಮನೆಮಂದಿಯ ಕಾರಿಗೂ ಇಳಿಯಿತು.

ಇಲ್ಲೊಂದು ವಿಷಯ ಗಮನಿಸಿ. ಪ್ಯಾಡಲ್ ಎಂಬುದೇ ಒಂದು ಗೇರ್‌ಬಾಕ್ಸ್ ಅಲ್ಲ, ಅದು ಬರಿಯ ಸ್ವಿಚ್ಚು. ಬಲಗಡೆಯದನ್ನು ಎಳೆದರೆ ಮೇಲಿನ ಗೇರು, ಎಡಗಡೆಯದನ್ನು ಎಳೆದರೆ ಕೆಳಗಿನದು. ಅದರ ಹಿಂದಿರುವ ಯಂತ್ರ ಬೇರೆ ಬೇರೆ ಬಗೆಯದು. ಎರಡು ಕ್ಲಚ್ಚಿನ ಡಿಸಿಟಿಯಾದರೆ ಮುಂದಿನ ಗೇರನ್ನು ಮೊದಲೇ ಸಿದ್ಧವಾಗಿಟ್ಟುಕೊಂಡಿರುತ್ತದೆ, ಆದ್ದರಿಂದ ಚುರುಕು. ಸಿವಿಟಿಯಲ್ಲಿ ನಿಜವಾದ ಗೇರಿನ ಮೆಟ್ಟಿಲುಗಳೇ ಇಲ್ಲ. ಅಲ್ಲಿ ಪ್ಯಾಡಲ್ ಎಳೆದರೆ ಮೆಟ್ಟಿಲಿದ್ದಂತೆ ತೋರಿಸುತ್ತದೆ, ಅಷ್ಟೆ. ಆದ್ದರಿಂದ ಅಂಗಡಿಯಲ್ಲಿ ಪ್ಯಾಡಲ್ ಕಂಡೊಡನೆ ಮರುಳಾಗದೆ, ಒಳಗಿನ ಯಂತ್ರ ಯಾವುದೆಂದು ಕೇಳಿ.

ಹಾಗಾದರೆ ಅದರ ಪ್ರಯೋಜನವೇನು? ಖಂಡಾಲ ಘಾಟಿ ಇಳಿಯುವಾಗ ತಿಳಿಯುತ್ತದೆ. ಒಂದೇ ಸಮನೆ ಬ್ರೇಕ್ ಒತ್ತಿದರೆ ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ. ಎಡ ಪ್ಯಾಡಲಿನಿಂದ ಗೇರು ಇಳಿಸಿದರೆ ಎಂಜಿನ್ನೇ ಕಾರಿನ ವೇಗವನ್ನು ಹಿಡಿತದಲ್ಲಿಡುತ್ತದೆ. ವೇಗ ಮೀರಿರುವಾಗ ತೀರ ಕೆಳಗಿನ ಗೇರು ಕೇಳಿದರೆ ಕಂಪ್ಯೂಟರು ಒಪ್ಪುವುದಿಲ್ಲ. ಮ್ಯಾನ್ಯುಯಲ್ಲಿನಲ್ಲಿ ಅಂಥ ತಪ್ಪಿಗೆ ಅಡ್ಡ ಬರುವವರಿಲ್ಲ, ಎಂಜಿನ್ನೇ ಕೆಡಬಹುದು.

ನಮ್ಮವರ ಮಾತನ್ನೂ ತಳ್ಳಿಹಾಕುವಂತಿಲ್ಲ. ಮ್ಯಾನ್ಯುಯಲ್ ಕಾರಿಗೆ ಬೆಲೆ ಕಡಿಮೆ. ಹಳ್ಳಿಯ ಮೆಕ್ಯಾನಿಕ್ಕೂ ಅದರ ಮರ್ಮ ಬಲ್ಲ. ಅದನ್ನು ಕಲಿತವರು ಯಾವ ಕಾರನ್ನಾದರೂ ಓಡಿಸಬಲ್ಲರು. ರಾತ್ರಿ ಹೊತ್ತು ಯಾರನ್ನಾದರೂ ಆಸ್ಪತ್ರೆಗೆ ಒಯ್ಯಬೇಕಾಗಿ, ಪಕ್ಕದ ಮನೆಯವರ ಕಾರೇ ಸಿಕ್ಕರೆ ಆಗ ಗತಿಯೇನು?

ಕೊನೆಗೆ ಮಗಳನ್ನೇ ಕೇಳಿದೆ, "ನಿನಗೆ ಪ್ಯಾಡಲಿನ ಮೇಲೆ ಇಷ್ಟೇಕೆ ಆಸೆ?" ಅವಳು ತಲೆ ತಗ್ಗಿಸಿ, "ಪ್ಯಾಡಲ್ ನನ್ನ ಶೋಕಿಗೆ, ಅಮ್ಮ. ಆಟೊಮ್ಯಾಟಿಕ್ ನಿನ್ನ ಮೊಣಕಾಲಿಗೆ" ಎಂದಳು. ನಮ್ಮವರು ಆಮೇಲೆ ಮಾತಾಡಲಿಲ್ಲ. ಮರುದಿನ ಬೆಳಿಗ್ಗೆ ಒಂದೇ ಷರತ್ತು ಹಾಕಿದರು: ಮೊದಲು ಹಳೆಯ ಕಾರಿನಲ್ಲಿ ಮೂರು ತಿಂಗಳು ಕ್ಲಚ್ ಕಲಿಯಬೇಕು. ಅವಳು ಕಲಿತಳು.

ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಎನ್ನುತ್ತಾರೆ. ಕಾರು ಮಾತ್ರ ಪರರ ನೋಟಕ್ಕಾಗಿ ಕೊಳ್ಳುವ ವಸ್ತುವಲ್ಲ. ನೀವು ದಿನವೂ ಓಡಾಡುವ ದಾರಿ ಯಾವುದು, ಅದನ್ನು ಮನೆಯಲ್ಲಿ ಇನ್ಯಾರು ಓಡಿಸುತ್ತಾರೆ ಎಂದು ಕೇಳಿಕೊಂಡು ಆರಿಸಿ. ಆಟೊಮ್ಯಾಟಿಕ್ ಕೊಂಡರೆ ಎಡಗಾಲಿಗೆ ಪೂರ್ತಿ ರಜೆ ಕೊಡಿ. ಕ್ಲಚ್ ಎಂದು ಭ್ರಮಿಸಿ ಬ್ರೇಕನ್ನೇ ತುಳಿದು ಮೊದಲ ದಿನ ನಾನು ಎಲ್ಲರನ್ನೂ ಮುಗ್ಗರಿಸಿದ್ದೆ!

ಈಗ ಭಾನುವಾರದ ತರಕಾರಿಗೆ ನಾನೇ ಕಾರು ತೆಗೆದುಕೊಂಡು ಹೋಗುತ್ತೇನೆ. ನಮ್ಮವರು ಪಕ್ಕದಲ್ಲಿ ಚೀಲ ಹಿಡಿದು ಕೂತಿರುತ್ತಾರೆ.