ಹಳೇ ಜೀಪು ಕುಗ್ಗಿದೆಯೇ? ಒಂದು ಪ್ಲೇಟ್ ಹೆಚ್ಚಿಗೆ ಹಾಕಿದರೆ ಸರಿಹೋಗುತ್ತದೆಯೇ?

"ಗಾಡಿ ಕೂತುಬಿಟ್ಟಿದೆಯಾ? ಒಂದು ಪ್ಲೇಟ್ ಸೇರಿಸಿ, ಷ್ಯಾಕಲ್ ಉದ್ದ ಮಾಡಿಸಿ, ಹಳೇ ಎಂಜಿನ್ ಆಯಿಲ್ ಸುರಿಯಿರಿ." ಹಳೇ ವಿಲ್ಲಿಸ್ ಅಥವಾ ಮಹೀಂದ್ರ ಜೀಪು ಇಟ್ಟುಕೊಂಡವರ ವಾಟ್ಸಾಪ್ ಗುಂಪುಗಳಲ್ಲಿ ಇಂಥ ಸಲಹೆಗಳು ಓಡಾಡುತ್ತಲೇ ಇರುತ್ತವೆ. ಕೊಡಗು, ಮಲೆನಾಡಿನ ತೋಟಗಳಲ್ಲಿ ಈ ಜೀಪುಗಳು ಇನ್ನೂ ಜನರನ್ನು ಹೊತ್ತು ಏರು-ಇಳಿಜಾರು ಹತ್ತಿಳಿಯುತ್ತಿವೆ. ಹಾಗಾಗಿ ಈ ಸಲಹೆಗಳಲ್ಲಿ ಎಷ್ಟು ನಿಜ, ಎಷ್ಟು ಅಪಾಯ ಎಂದು ತಿಳಿದುಕೊಳ್ಳುವುದು ಒಳ್ಳೆಯದು.

ಮೊದಲು ಒಂದು ಮಾತು: ಎತ್ತರ ಬೇರೆ, ಬಿಗಿ ಬೇರೆ

ಲೀಫ್ ಸ್ಪ್ರಿಂಗ್ ಎಂದರೆ ಬಿಲ್ಲಿನಂತೆ ಬಾಗಿದ ಉಕ್ಕಿನ ಪ್ಲೇಟುಗಳ ಕಟ್ಟು. ಗಾಡಿಯ ಎತ್ತರಕ್ಕೆ ಮುಖ್ಯ ಕಾರಣ ಆ ಬಿಲ್ಲಿನ ಬಾಗು, ಅಂದರೆ ಕಮಾನು. ಓಟ ಮೆತ್ತಗಿದೆಯೋ ಒರಟಾಗಿದೆಯೋ ಎಂಬುದನ್ನು ತೀರ್ಮಾನಿಸುವುದು ಪ್ಲೇಟುಗಳ ಸಂಖ್ಯೆ, ದಪ್ಪ ಮತ್ತು ಉದ್ದ. ವರ್ಷಗಟ್ಟಲೆ ಭಾರ ಹೊತ್ತ ಸ್ಪ್ರಿಂಗ್ ಕಳೆದುಕೊಳ್ಳುವುದು ಹೆಚ್ಚಾಗಿ ಕಮಾನನ್ನು, ಬಿಗಿಯನ್ನಲ್ಲ.

ಹೇಳಿಕೆ 1: ಒಂದು ಪ್ಲೇಟ್ ಸೇರಿಸಿದರೆ ಎಲ್ಲ ಸರಿ

ಅರ್ಧ ಸತ್ಯ. ಗಾಡಿ ಮೇಲೇಳುವುದು ನಿಜ. ಆದರೆ ಹೆಚ್ಚಾಗಿ ಸ್ಪ್ರಿಂಗ್ ಬಿಗಿಯಾದದ್ದರಿಂದ ಏಳುತ್ತದೆ. ಪ್ಲೇಟಿನ ದಪ್ಪ ದುಪ್ಪಟ್ಟಾದರೆ ಅದರ ಬಿಗಿ ಎಂಟು ಪಟ್ಟಾಗುತ್ತದೆ. 6 ಮಿ.ಮೀ. ಜಾಗದಲ್ಲಿ 8 ಮಿ.ಮೀ. ಪ್ಲೇಟ್ ಹಾಕಿದರೂ ಆ ಪ್ಲೇಟಿನ ಬಿಗಿ ಎರಡು ಪಟ್ಟಿಗಿಂತ ಹೆಚ್ಚು! ಖಾಲಿ ಜೀಪು ಆಗ ಗುಂಡಿಯಲ್ಲಿ ಕುಪ್ಪಳಿಸುತ್ತದೆ, ಚಕ್ರ ನೆಲ ಬಿಡುತ್ತದೆ. ನೆಲ ಬಿಟ್ಟ ಚಕ್ರಕ್ಕೆ ಬ್ರೇಕೂ ಇಲ್ಲ, ಹಿಡಿತವೂ ಇಲ್ಲ. ದಿನವೂ ಭಾರ ಹೇರುವ ಗಾಡಿಗಾದರೆ ಸರಿಯಾದ ಅಳತೆಯ ಹೆಚ್ಚುವರಿ ಪ್ಲೇಟ್ ಉಪಯೋಗಕ್ಕೆ ಬರಬಹುದು.

ಹೇಳಿಕೆ 2: ಉದ್ದ ಷ್ಯಾಕಲ್ ಹಾಕುವುದು ಅಗ್ಗದ, ಸುಲಭದ ದಾರಿ

ಅಗ್ಗ ಹೌದು, ಆದರೆ ಅಪಾಯವಿದೆ. ಷ್ಯಾಕಲ್ ಇರುವುದು ಸ್ಪ್ರಿಂಗಿನ ಒಂದು ತುದಿಯಲ್ಲಿ ಮಾತ್ರ. ಆಕ್ಸಲ್ ನಡುವೆ ಇರುವುದರಿಂದ, ಷ್ಯಾಕಲ್ 2 ಇಂಚು ಉದ್ದವಾದರೆ ಗಾಡಿ ಏಳುವುದು ಸುಮಾರು 1 ಇಂಚು ಅಷ್ಟೇ.

ಅದಕ್ಕಿಂತ ಮುಖ್ಯವಾದದ್ದು ಸ್ಟೇರಿಂಗ್. ಸೈಕಲ್ಲಿನ ಮುಂದಿನ ಫೋರ್ಕ್ ಸ್ವಲ್ಪ ಓರೆಯಾಗಿರುವುದನ್ನು ನೋಡಿದ್ದೀರಲ್ಲ? ಸೈಕಲ್ ನೇರ ಓಡಲು ಆ ಓರೆಯೂ ನೆರವಾಗುತ್ತದೆ. ಜೀಪಿನ ಮುಂದಿನ ಆಕ್ಸಲ್‌ಗೂ ಇಂಥದೇ ಓರೆ ಇದೆ, ಅದಕ್ಕೆ ಕ್ಯಾಸ್ಟರ್ ಎನ್ನುತ್ತಾರೆ. ಸಿಜೆ3ಬಿಯಂಥ ಜೀಪುಗಳಲ್ಲಿ ಮುಂದಿನ ಸ್ಪ್ರಿಂಗಿನ ಷ್ಯಾಕಲ್ ಮುಂತುದಿಯಲ್ಲಿರುತ್ತದೆ. ಅದನ್ನು ಉದ್ದ ಮಾಡಿದರೆ ಆಕ್ಸಲ್ ಮುಂದಕ್ಕೆ ತಿರುಗಿ ಕ್ಯಾಸ್ಟರ್ ಕಡಿಮೆಯಾಗುತ್ತದೆ. ಆಗ ಗಾಡಿ ರಸ್ತೆಯಲ್ಲಿ ಅತ್ತಿತ್ತ ಅಲೆಯುತ್ತದೆ, ತಿರುಗಿಸಿದ ಸ್ಟೇರಿಂಗ್ ತಾನಾಗಿ ನೇರಕ್ಕೆ ಬರುವುದಿಲ್ಲ.

ಹೇಳಿಕೆ 3: ಪ್ಲೇಟುಗಳಿಗೆ ಹಳೇ ಎಂಜಿನ್ ಆಯಿಲ್ ಹೊಡೆದರೆ ಮೆತ್ತಗಾಗುತ್ತದೆ

ತಾತ್ಕಾಲಿಕ. ತುಕ್ಕು ಹಿಡಿದ ಪ್ಲೇಟುಗಳು ಒಂದರ ಮೇಲೊಂದು ಜಾರದೆ ಸಣ್ಣ ಉಬ್ಬುಗಳ ಹೊಡೆತ ನೇರ ಚಾಸಿಗೆ ಬರುತ್ತದೆ ಎಂಬುದು ನಿಜ. ಆದರೆ ಆಯಿಲ್‌ಗೆ ಧೂಳು ಮೆತ್ತಿಕೊಂಡು ಉಜ್ಜುವ ಕೆಸರಾಗುತ್ತದೆ, ರಬ್ಬರ್ ಬುಷ್ ಊದಿ ಹಾಳಾಗುತ್ತದೆ. ಕಟ್ಟು ಬಿಚ್ಚಿ, ತುಕ್ಕು ತೆಗೆದು, ಗ್ರ್ಯಾಫೈಟ್ ಗ್ರೀಸ್ ಹಚ್ಚಿ ಜೋಡಿಸುವುದೇ ಸರಿಯಾದ ಕೆಲಸ.

ಹೇಳಿಕೆ 4: ಗ್ಯಾಸ್‌ನಲ್ಲಿ ಕಾಯಿಸಿ ಬಾಗಿಸಿದರೆ ಕಮಾನು ಬರುತ್ತದೆ

ಬರುತ್ತದೆ, ನಿಲ್ಲುವುದಿಲ್ಲ. ಸ್ಪ್ರಿಂಗ್ ಉಕ್ಕಿಗೆ ಶಕ್ತಿ ಬರುವುದೇ ಹದ ಹಾಕುವುದರಿಂದ. ಕೆಂಪಗೆ ಕಾಯಿಸಿ ಹಾಗೇ ಬಿಟ್ಟರೆ ಆ ಹದ ಹೋಗಿ, ಪ್ಲೇಟ್ ಬೇಗ ಮತ್ತೆ ಕುಗ್ಗುತ್ತದೆ. ಕಾಯಿಸಿ ನೀರಿಗೆ ಅದ್ದಿ ಅಷ್ಟಕ್ಕೇ ಬಿಟ್ಟರೆ ಗಡುಸಾಗಿ ಮುರಿಯಬಹುದು.

ಹಾಗಾದರೆ ಏನು ಮಾಡಬೇಕು?

• ಅಳತೆ ಮಾಡಿ. ಸಮ ನೆಲ, ಖಾಲಿ ಗಾಡಿ, ಸರಿಯಾದ ಟೈರ್ ಗಾಳಿ. ನಾಲ್ಕೂ ಕಡೆ ಆಕ್ಸಲ್‌ನಿಂದ ಚಾಸಿಗೆ ಎಷ್ಟಿದೆ ಬರೆದುಕೊಳ್ಳಿ. ಎಡ-ಬಲ ವ್ಯತ್ಯಾಸವಿದ್ದರೆ ಬಿರುಕು ಬಿಟ್ಟ ಪ್ಲೇಟ್, ಸವೆದ ಬುಷ್ ಹುಡುಕಿ.
• ಪ್ಲೇಟುಗಳು ಚೆನ್ನಾಗಿದ್ದರೆ ಹದ ಹಾಕುವುದು ಗೊತ್ತಿರುವ ಸ್ಪ್ರಿಂಗ್ ಅಂಗಡಿಯಲ್ಲಿ ಕಮಾನು ಕಟ್ಟಿಸಿ. ಎಡ-ಬಲ ಎರಡನ್ನೂ ಒಟ್ಟಿಗೇ ಮಾಡಿಸಿ.
• ರಬ್ಬರ್ ಬುಷ್ ಇದ್ದರೆ, ಗಾಡಿಯ ಭಾರ ಚಕ್ರಗಳ ಮೇಲೆ ನಿಂತ ಮೇಲೆ ಅದರ ಬೋಲ್ಟ್ ಪೂರ್ತಿ ಬಿಗಿ ಮಾಡಿ. ಜ್ಯಾಕ್ ಮೇಲಿರುವಾಗಲೇ ಬಿಗಿದರೆ ರಬ್ಬರ್ ತಿರುಚಿಕೊಂಡು ಬೇಗ ಹರಿಯುತ್ತದೆ.
• ಸ್ವಲ್ಪ ಓಡಿಸಿದ ಬಳಿಕ ಯು-ಬೋಲ್ಟ್ ಮತ್ತೊಮ್ಮೆ ಬಿಗಿ ಮಾಡಿ.
• ಎತ್ತರ ಬದಲಾಗಿದ್ದರೆ, ಚಾಸಿಯನ್ನು ಎತ್ತಿ ಚಕ್ರಗಳು ಜೋತಾಡುವಂತೆ ಮಾಡಿ. ಬ್ರೇಕ್ ಹೋಸ್ ಎಳೆದುಕೊಂಡಿದೆಯೇ ನೋಡಿ. ಇದನ್ನು ಮರೆಯಬೇಡಿ.

ಇದೆಲ್ಲ ಯಾಕೆ ಮುಖ್ಯ? ಸಿಜೆ3ಬಿಯ ಎಡ-ಬಲ ಚಕ್ರಗಳ ನಡುವಿನ ಅಂತರ ಸುಮಾರು 4 ಅಡಿ ಮಾತ್ರ. ಇಷ್ಟು ಕಿರಿದಾದ ಗಾಡಿಯನ್ನು ಎತ್ತರಿಸಿದಷ್ಟೂ ತಿರುವಿನಲ್ಲಿ ಮಗುಚುವ ಸಾಧ್ಯತೆ ಹೆಚ್ಚು. ಜೊತೆಗೆ, ನೋಂದಣಿ ಪತ್ರದ ವಿವರಕ್ಕೆ ಹೊಂದದಂತೆ ಗಾಡಿಯನ್ನು ಮಾರ್ಪಡಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ನಿರ್ಬಂಧಿಸುತ್ತದೆ.

ಕಳೆದುಹೋದ ಎತ್ತರವನ್ನು ಮರಳಿ ಪಡೆಯುವುದು ದುರಸ್ತಿ. ಇಲ್ಲದ ಎತ್ತರವನ್ನು ಸೇರಿಸುವುದು ಮಾರ್ಪಾಡು. ಮುಂದಿನ ಸಲ "ಒಂದು ಪ್ಲೇಟ್ ಹಾಕಿಸಿ" ಎಂಬ ಸಂದೇಶ ಬಂದರೆ, ಫಾರ್ವರ್ಡ್ ಮಾಡುವ ಮೊದಲು ಒಂದೇ ಪ್ರಶ್ನೆ ಕೇಳಿ: ಹೋಗಿರುವುದು ಕಮಾನೋ, ಬಿಗಿಯೋ?