ಜಠರ ನಳಿಕೆಯ ಅಳವಡಿಕೆ ಹಾಗೂ ಬದುಕುಳಿವಿನ ಮುನ್ನಂದಾಜು: ಗಡಿ ತಾಲ್ಲೂಕುಗಳ ದೃಷ್ಟಿಯಿಂದ

ನುಂಗಲಾರದ ರೋಗಿಗೆ ಎಂಡೋಸ್ಕೋಪಿಯ ನೆರವಿನಿಂದ ಹೊಟ್ಟೆಯ ಮೂಲಕ ಜಠರಕ್ಕೆ ನೇರವಾಗಿ ನಳಿಕೆ ಅಳವಡಿಸುವ ವಿಧಾನವು 1979ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ರೂಪುಗೊಂಡಿತು. ಮಕ್ಕಳಿಗಾಗಿ ಆರಂಭವಾದ ಈ ಕ್ರಮವು ಬಹುಬೇಗ ವೃದ್ಧರಿಗೂ ವಿಸ್ತರಿಸಿತು. ಕ್ರಿಯೆಯೇನೋ ಚಿಕ್ಕದು, ಆದರೂ ಅನಂತರದ ಮೂವತ್ತು ದಿನಗಳಲ್ಲಿ ತೀರಿಕೊಳ್ಳುವವರು ಕಡಿಮೆಯಲ್ಲ. ಇದಕ್ಕೆ ಬಹುಮಟ್ಟಿಗೆ ಕಾರಣ ನಳಿಕೆಯಲ್ಲ, ಅದನ್ನು ಅನಿವಾರ್ಯವಾಗಿಸಿದ ಮೂಲರೋಗ.

ಇಂಗ್ಲೆಂಡಿನ ಶೆಫೀಲ್ಡಿನ ವೈದ್ಯರು 2011ರಲ್ಲಿ ಪ್ರಕಟಿಸಿದ ಅಂಕಪದ್ಧತಿ ಎರಡೇ ಸಂಗತಿಗಳನ್ನು ಅವಲಂಬಿಸಿದೆ. ವಯಸ್ಸು 65 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಒಂದು ಅಂಕ. ರಕ್ತದ ಅಲ್ಬುಮಿನ್ ಡೆಸಿಲೀಟರಿಗೆ 3.5 ಗ್ರಾಮಿಗಿಂತ ಕಡಿಮೆಯಿದ್ದರೆ ಒಂದು, 2.5ಕ್ಕಿಂತಲೂ ಇಳಿದಿದ್ದರೆ ಎರಡು. ಮೂರು ಅಂಕ ಪಡೆದವರಲ್ಲಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಮಂದಿ ತಿಂಗಳೊಳಗೆ ಮೃತರಾದರು. ಅಲ್ಬುಮಿನ್ ಇಳಿಯುವುದಕ್ಕೆ ಉಪವಾಸವೊಂದೇ ಕಾರಣವಲ್ಲ. ಸೋಂಕು, ಉರಿಯೂತಗಳೂ ಅದನ್ನು ಇಳಿಸುತ್ತವೆ. ಆದ್ದರಿಂದಲೇ ನಳಿಕೆಯ ಮೂಲಕ ಎಷ್ಟು ಗಂಜಿ, ಹಾಲು ಉಣಿಸಿದರೂ ಅದು ತಾನಾಗಿ ಏರುವುದಿಲ್ಲ. ಮನೆಯವರಿಗೆ ವಿವರಿಸಲು ಅತ್ಯಂತ ಕಷ್ಟವಾದ ಮಾತು ಇದೇ.

ಈ ಅಂಕವನ್ನು ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳಿಗೆ ಹಾಗೆಯೇ ಅನ್ವಯಿಸಬಹುದೇ? ಮೂಲರೋಗ ಬದಲಾದಂತೆ ಫಲವೂ ಬದಲಾಗುತ್ತದೆ. ಮುಂದುವರಿದ ಮರೆವಿನ ಕಾಯಿಲೆಯಲ್ಲಿ ನಳಿಕೆಯಿಂದ ಆಯುಷ್ಯ ಹೆಚ್ಚುವುದೆಂಬುದಕ್ಕೆ ಆಧಾರವಿಲ್ಲವೆಂದು 2009ರ ಕಾಕ್ರೇನ್ ಸಮೀಕ್ಷೆ ಹೇಳಿತು. ಬಾಯಿ, ಗಂಟಲುಗಳ ಅರ್ಬುದದಲ್ಲಿ ಹಾಗಲ್ಲ. ವಿಕಿರಣ ಚಿಕಿತ್ಸೆ ಮುಗಿಯುವವರೆಗೆ ನಳಿಕೆಯೇ ರೋಗಿಗೆ ಆಸರೆ. ತಂಬಾಕು, ಬೀಡಿಗಳಿಗೆ ಹೆಸರಾದ ನಿಪ್ಪಾಣಿ ಸೀಮೆಯಲ್ಲಿ ಈ ಭೇದವನ್ನು ಮರೆತು ಅಂಕವನ್ನಷ್ಟೇ ಓದುವುದು ಸಲ್ಲದು. ಗುಣಪಡಿಸಬಹುದಾದ ರೋಗಿಗೆ ನಳಿಕೆ ತಪ್ಪಿಹೋಗುವ ಅಪಾಯವಿದೆ.

ಸ್ಥಳೀಯವಾಗಿ ಪರಿಶೀಲಿಸಲು ಇನ್ನೊಂದು ತೊಡಕು ಭೂಗೋಳದ್ದು. ಕಾಗವಾಡಕ್ಕೆ ಮಿರಜ ಸಮೀಪ, ನಿಪ್ಪಾಣಿಗೆ ಕೊಲ್ಹಾಪುರ. ರಾಯಬಾಗದಿಂದ ಮಿರಜಕ್ಕೂ ಬೆಳಗಾವಿಗೂ ರೈಲುಂಟು. ನಳಿಕೆ ಹಾಕಿದ ಆಸ್ಪತ್ರೆ ಒಂದು ರಾಜ್ಯದಲ್ಲಿ, ಮರಣದ ನೋಂದಣಿ ಇನ್ನೊಂದರಲ್ಲಿ ಆದಾಗ ಮೂವತ್ತನೆಯ ದಿನದ ಸ್ಥಿತಿ ಯಾವ ಕಡತಕ್ಕೂ ಸೇರದು. ಬಿಡುಗಡೆ ಪತ್ರದಲ್ಲಿ ಅಳವಡಿಕೆಯ ದಿನಾಂಕ, ಮೂಲರೋಗ, ಆ ದಿನದ ಅಲ್ಬುಮಿನ್ ಬರೆದು, ತಿಂಗಳ ಬಳಿಕ ಮನೆಗೊಂದು ದೂರವಾಣಿ ಕರೆ ಮಾಡಿದರೆ ಅಧ್ಯಯನಕ್ಕೆ ಬೇಕಾದ ಸಾಮಗ್ರಿ ದೊರೆಯುತ್ತದೆ. ಕರೆ ಮಾಡುವವರಿಗೆ ಕನ್ನಡ, ಮರಾಠಿ ಎರಡೂ ಬರಬೇಕು.